ಕ್ಲಿಪ್ಪಿನ ಯೋಚನೆ ನನ್ನದು, ಸ್ಪ್ರಿಂಗ್ ಅವರದು. ಪೇಟೆಂಟ್ ಯಾರದು?

ಪ್ರಶ್ನೆ: ನಾನು ಐಸಿಯುನಲ್ಲಿ ನರ್ಸ್. ವೆಂಟಿಲೇಟರಿನ ಟ್ಯೂಬನ್ನು ಟೇಪಿನಿಂದ ಬಾಯಿಗೆ ಅಂಟಿಸಿಟ್ಟರೆ ಕೆಲವೇ ದಿನಗಳಲ್ಲಿ ತುಟಿಯ ಮೂಲೆಯಲ್ಲಿ ಹುಣ್ಣಾಗುತ್ತದೆ. ಅದನ್ನು ತಪ್ಪಿಸಲು, ಟ್ಯೂಬನ್ನು ಒಂದೇ ಕೈಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುವಂಥ ಕ್ಲಿಪ್ ಒಂದನ್ನು ಯೋಚಿಸಿ ಹಾಳೆಯ ಮೇಲೆ ಬಿಡಿಸಿದೆ. ಪರಿಚಯದ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ತ್ರೀಡಿ ಪ್ರಿಂಟರಿನಲ್ಲಿ ಅದನ್ನು ಮಾಡಿಕೊಟ್ಟರು. ಟ್ಯೂಬ್ ತಾನಾಗಿ ಜಾರದಿರಲಿ ಎಂದು ಒಳಗೆ ಗರಗಸದಂತೆ ಹಲ್ಲುಗಳಿರುವ ಒಂದು ಪಟ್ಟಿ, ಸಣ್ಣ ಸ್ಪ್ರಿಂಗ್ ಕೂಡ ಸೇರಿಸಿದರು. ಈಗ ನಮ್ಮ ವಿಭಾಗದ ಮುಖ್ಯಸ್ಥರು ಪೇಟೆಂಟಿನಲ್ಲಿ ತಮ್ಮ ಹೆಸರು ಮೊದಲು ಇರಬೇಕು ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ಪೋಸ್ಟರ್ ಹಾಕಬೇಕು. ಇದರ ನಡುವೆ ಒಂದು ಕಂಪನಿಯವರು "ಡ್ರಾಯಿಂಗ್ ಕಳಿಸಿ, ನೋಡುತ್ತೇವೆ" ಎಂದು ಮೇಲ್ ಮಾಡಿದ್ದಾರೆ. ನಾನು ಏನು ಮಾಡಲಿ?

ಉತ್ತರ: ಕಂಪನಿಯ ಮೇಲ್‌ಗೆ ಇವತ್ತು ಉತ್ತರ ಬರೆಯಬೇಡಿ. ಏನು ಬರೆಯಬೇಕು ಎಂದು ಕೊನೆಯಲ್ಲಿ ಹೇಳುತ್ತೇನೆ. ಪೋಸ್ಟರನ್ನೂ ಪ್ರಿಂಟಿಗೆ ಕೊಡಬೇಡಿ. ಇವೆರಡನ್ನು ತಡೆದು ನಿಲ್ಲಿಸಿದರೆ ಮಿಕ್ಕಿದ್ದನ್ನು ನಿಧಾನವಾಗಿ ನೋಡಬಹುದು.

ನೀವು ನಾಲ್ಕು ತೊಂದರೆ ಹೇಳಿದ್ದೀರಿ. ನನಗೆ ಕಾಣುವುದು ಒಂದೇ. ನೀವು, ಎಂಜಿನಿಯರ್, ಮುಖ್ಯಸ್ಥರು ಮೂವರೂ ಒಂದು ಕಡೆ ಕೂತು, ಯಾರು ಏನು ಕೊಟ್ಟರು, ಮುಂದೆ ಏನಾದರೂ ಬಂದರೆ ಹೇಗೆ ಹಂಚಿಕೊಳ್ಳುವುದು ಎಂದು ಇನ್ನೂ ಮಾತಾಡಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಜನ ನಗುತ್ತಾರೆ. ಈ ಕೆಲಸದಲ್ಲಿ ಮಾತ್ರ ಕುಲಾವಿಯನ್ನು ಮೊದಲೇ ಹೊಲಿಸಬೇಕು. ಯಾಕೆ ಅಂತ ಹೇಳುತ್ತೇನೆ.

ಮುಖ್ಯಸ್ಥರ ವಿಷಯ ಸುಲಭ, ಅದನ್ನು ಮುಗಿಸಿಬಿಡೋಣ. ಪೇಟೆಂಟಿನಲ್ಲಿ "ಮೊದಲ ಹೆಸರು" ಎನ್ನುವುದಕ್ಕೆ ಬೆಲೆಯೇ ಇಲ್ಲ. ವೈದ್ಯಕೀಯ ಲೇಖನಗಳಲ್ಲಿ ಹೆಸರುಗಳ ಸಾಲಿಗೆ ಅರ್ಥವಿದೆ. ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಯಜಮಾನರದು. ಡಾಕ್ಟರುಗಳು ಆ ಅಭ್ಯಾಸವನ್ನೇ ಇಲ್ಲಿಗೂ ತರುತ್ತಾರೆ. ಪೇಟೆಂಟಿನಲ್ಲಿ ಒಬ್ಬರು ಇನ್ವೆಂಟರ್ ಆಗಿರುತ್ತಾರೆ, ಇಲ್ಲವೇ ಆಗಿರುವುದಿಲ್ಲ. ಅಷ್ಟೇ. ವಿಭಾಗ ನಡೆಸಿದ್ದು, ಹಣ ಕೊಡಿಸಿದ್ದು, ರೋಗಿಗಳನ್ನು ಒದಗಿಸಿದ್ದು, "ಒಳ್ಳೇದು ಮಾಡಿದಿರಿ" ಎಂದು ಬೆನ್ನು ತಟ್ಟಿದ್ದು, ಇವ್ಯಾವುದರಿಂದಲೂ ಇನ್ವೆಂಟರ್ ಆಗುವುದಿಲ್ಲ. ಪೇಟೆಂಟಿನ ಕೊನೆಯಲ್ಲಿ "ಇಷ್ಟು ನಮ್ಮದು" ಎಂದು ಗೆರೆ ಎಳೆಯುವ ನಂಬರ್ ಹಾಕಿದ ಸಾಲುಗಳಿರುತ್ತವೆ. ಅವನ್ನು ಕ್ಲೇಮು ಎನ್ನುತ್ತಾರೆ. ಅವುಗಳಲ್ಲಿ ಒಂದರಲ್ಲಾದರೂ ಇರುವ ಯೋಚನೆ ಯಾರ ತಲೆಯಿಂದ ಬಂತೋ ಅವರು ಇನ್ವೆಂಟರ್. ನಿಮ್ಮ ಮುಖ್ಯಸ್ಥರು ಅಂಥದ್ದೇನಾದರೂ ಸೂಚಿಸಿದ್ದರೆ ಅವರ ಹೆಸರು ಇರಲೇಬೇಕು. ಸೂಚಿಸಿರದಿದ್ದರೆ ಮರ್ಯಾದೆಗೆ ಅಂತ ಸೇರಿಸಬಾರದು. ಅಮೆರಿಕದಂಥ ದೇಶದಲ್ಲಿ ಗೊತ್ತಿದ್ದೂ ತಪ್ಪು ಹೆಸರು ಹಾಕಿದರೆ ಪೇಟೆಂಟೇ ಬಿದ್ದುಹೋಗಬಹುದು. ಇದನ್ನು ನೀವು ಅವರಿಗೆ ನೇರವಾಗಿ ಹೇಳಬೇಕಾಗಿಲ್ಲ. ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟ್ ಬಾಯಿಂದ ಹೇಳಿಸಿ. ಲೇಖನದಲ್ಲಿ ಅವರ ಹೆಸರು ಧಾರಾಳವಾಗಿ ಬರಲಿ, ಅದಕ್ಕೆ ಯಾರದ್ದೂ ತಕರಾರಿಲ್ಲ.

ಎಂಜಿನಿಯರ್ ವಿಷಯ ಹಾಗಲ್ಲ. ನಿಜವಾದ ಗಂಟು ಇರುವುದು ಇಲ್ಲೇ.

ನೀವು ಬಿಡಿಸಿದ ಚಿತ್ರವನ್ನು ಹಾಗೆಯೇ ಪ್ರಿಂಟ್ ಮಾಡಿಕೊಟ್ಟಿದ್ದರೆ ಅವರು ಕೆಲಸಗಾರರು, ಇನ್ವೆಂಟರ್ ಅಲ್ಲ. ಪ್ಲಾಸ್ಟಿಕ್ ಎಷ್ಟು ದಪ್ಪ ಇರಬೇಕು, ಮೂಲೆ ಎಷ್ಟು ನುಣುಪಾಗಬೇಕು ಎಂದು ಅವರು ನಿರ್ಧರಿಸಿದ್ದರೂ ಅದು ಅವರ ಕಸುಬಿನ ಮಾಮೂಲಿ ಕೆಲಸ ಅನ್ನಿಸಿಕೊಳ್ಳುತ್ತದೆ. ಆದರೆ ಹಲ್ಲಿನ ಪಟ್ಟಿ ಮತ್ತು ಸ್ಪ್ರಿಂಗ್? ಅದನ್ನು ನೀವು ಕೇಳಿರಲಿಲ್ಲ, ಅವರೇ ಯೋಚಿಸಿದ್ದು ಎಂದು ನೀವೇ ಬರೆದಿದ್ದೀರಿ. ಆ ಭಾಗ ಒಂದು ಕ್ಲೇಮಿನಲ್ಲಿ ಬಂದರೂ ಸಾಕು, ಅವರು ನಿಮ್ಮ ಜೊತೆಗಿನ ಇನ್ವೆಂಟರ್. ದುಡ್ಡು ತೆಗೆದುಕೊಂಡರೋ, ಸುಮ್ನೆ ಸ್ನೇಹಕ್ಕೆ ಮಾಡಿದರೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದು ಎಲ್ಲಿಗೆ ಹೋಗಬಹುದು ಎನ್ನುವುದಕ್ಕೆ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕೇಸಿದೆ. ಅಮೆರಿಕದಲ್ಲಿ ಯೂನ್ ಎಂಬ ಡಾಕ್ಟರ್ ಇದ್ದರು. ಸಣ್ಣ ತೂತಿನ ಮೂಲಕ ಮಾಡುವ ಸರ್ಜರಿಯ ಸಾಧನಗಳಲ್ಲಿ ಅವರದು ಪಳಗಿದ ಕೈ. ಹೊಟ್ಟೆಯ ಗೋಡೆಗೆ ತೂತು ಮಾಡಿ ಒಳಗೆ ದಾರಿ ಕೊಡುವ ಟ್ರೋಕಾರ್ ಎಂಬ ಚೂಪು ಸಾಧನವಿದೆ. ಅದು ಒಳಗಿನ ಅಂಗಕ್ಕೆ ಚುಚ್ಚದಂತೆ ಮಾಡಬೇಕು ಎಂದು ಅವರಿಗೆ ಆಸೆ. 1980ರಲ್ಲಿ ಚೋಯ್ ಎಂಬ ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರನ್ನು ಜೊತೆಗೆ ಕರೆದುಕೊಂಡರು. ಚೋಯ್ ಬಳಿ ಕಾಲೇಜಿನ ಡಿಗ್ರಿ ಇರಲಿಲ್ಲ. ಸುಮಾರು 18 ತಿಂಗಳು ಒಟ್ಟಿಗೆ ದುಡಿದರು. ಸಂಬಳ ಇಲ್ಲ, ಹಕ್ಕು ಬಿಟ್ಟುಕೊಟ್ಟ ಕಾಗದವೂ ಇಲ್ಲ. 1982ರಲ್ಲಿ ಬೇರೆಯಾದರು. ಅದೇ ವರ್ಷ ಯೂನ್ ತಮ್ಮೊಬ್ಬರದೇ ಹೆಸರಿನಲ್ಲಿ ಅರ್ಜಿ ಹಾಕಿದರು. 1985ರಲ್ಲಿ 55 ಕ್ಲೇಮುಗಳ ಪೇಟೆಂಟ್ ಬಂತು. ಅದನ್ನು ಬಳಸುವ ಅನುಮತಿ, ಅಂದರೆ ಲೈಸೆನ್ಸ್, ಎಥಿಕಾನ್ ಕಂಪನಿಗೆ ಹೋಯಿತು. 1989ರಲ್ಲಿ ಎಥಿಕಾನ್, "ನಮ್ಮದನ್ನು ನಕಲು ಮಾಡಿದ್ದೀರಿ" ಎಂದು ಯು.ಎಸ್. ಸರ್ಜಿಕಲ್ ಕಂಪನಿಯ ಮೇಲೆ ದಾವೆ ಹೂಡಿತು.

ಆ ಕಂಪನಿ ಏನು ಮಾಡಿತು ಗೊತ್ತಾ? ಚೋಯ್ ಅವರನ್ನು ಹುಡುಕಿಕೊಂಡು ಹೋಯಿತು. ಹಳೆಯ ದಿನಗಳಿಗೂ ಸಲ್ಲುವಂತೆ ಅವರಿಂದಲೇ ಲೈಸೆನ್ಸ್ ಬರೆಸಿಕೊಂಡಿತು. ಕೋರ್ಟು ಚೋಯ್ ಬಿಡಿಸಿದ್ದ ಸ್ಕೆಚ್‌ಗಳನ್ನೆಲ್ಲ ನೋಡಿ, 55 ಕ್ಲೇಮುಗಳಲ್ಲಿ 2ರಲ್ಲಿ ಅವರ ಯೋಚನೆ ಇದೆ ಎಂದಿತು. ಬರೀ ಎರಡು. ಆದರೆ ಒಂದು ಕ್ಲೇಮಿನ ಇನ್ವೆಂಟರ್ ಕೂಡ ಇಡೀ ಪೇಟೆಂಟಿಗೆ ಜಂಟಿ ಮಾಲೀಕ. ಜಂಟಿ ಮಾಲೀಕರು ಒಪ್ಪಿ ಜೊತೆಗೆ ಬಾರದೆ ದಾವೆ ನಿಲ್ಲುವುದಿಲ್ಲ. 1998ರಲ್ಲಿ ಮೇಲಿನ ಕೋರ್ಟು ಇದನ್ನೇ ಎತ್ತಿಹಿಡಿಯಿತು, ಎಥಿಕಾನ್‌ನ ದಾವೆ ವಜಾ ಆಯಿತು. 1982ರಲ್ಲಿ ಒಂದು ಹಾಳೆಯ ಕರಾರು ಬರೆದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ನಾನೂ ಒಮ್ಮೆ ಇದರಲ್ಲಿ ಎಡವಿದ್ದೇನೆ. ಒಬ್ಬ ಸರ್ಜನ್‌ಗೆ ಅರ್ಜಿ ಬರೆದುಕೊಡುತ್ತಿದ್ದೆ. "ಯೋಚನೆಯೆಲ್ಲ ನನ್ನದೇ" ಎಂದರು, ನಂಬಿದೆ. ಎರಡನೇ ಸಲ ಮಾದರಿ ನೋಡಲು ಹೋದಾಗ ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಒಬ್ಬರು ತಮ್ಮಷ್ಟಕ್ಕೆ, "ಈ ಹಿಡಿಕೆ ತಿರುಗೋ ಹಾಗೆ ಮಾಡಿ ಅಂತ ನಾನೇ ಹೇಳಿದ್ದೆ ಸಾರ್" ಎಂದರು. ಅರ್ಜಿಯ ಮೂರನೇ ಕ್ಲೇಮು ಆ ಹಿಡಿಕೆಯೇ. ಪುಣ್ಯಕ್ಕೆ ಇನ್ನೂ ಸಲ್ಲಿಸಿರಲಿಲ್ಲ. ಅಂದಿನಿಂದ ಮಾದರಿಯನ್ನು ಮುಟ್ಟಿದ ಪ್ರತಿಯೊಬ್ಬರನ್ನೂ ಕೇಳದೆ ನಾನು ಅರ್ಜಿ ಬರೆಯುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. ನಿಮ್ಮ ಹೆಸರೂ ತಾನಾಗಿ ಬರುವುದಿಲ್ಲ. "ತುಟಿಯಲ್ಲಿ ಹುಣ್ಣಾಗುತ್ತಿದೆ, ಏನಾದರೂ ಮಾಡಿಕೊಡಿ" ಎಂದಷ್ಟೇ ಹೇಳಿದ್ದರೆ ಕಾನೂನಿನ ಕಣ್ಣಿನಲ್ಲಿ ನೀವು ಇನ್ವೆಂಟರ್ ಅಲ್ಲ. ತೊಂದರೆಯನ್ನು ಗುರುತಿಸುವುದೇ ಈ ಕೆಲಸದ ಅರ್ಧ ಭಾಗ. ರಾತ್ರಿ ಪಾಳಿಯಲ್ಲಿ ಹಾಸಿಗೆ ಪಕ್ಕ ನಿಂತವರಿಗೇ ಅದು ಕಾಣುವುದು. ಆದರೂ ಪೇಟೆಂಟ್ ಸಿಗುವುದು ತೊಂದರೆಗಲ್ಲ, ಪರಿಹಾರಕ್ಕೆ. ನೀವು ಕ್ಲಿಪ್ಪಿನ ಚಿತ್ರ ಬಿಡಿಸಿದ್ದೀರಿ, ಹೇಗೆ ಸರಿಯಬೇಕು ಎಂದು ಯೋಚಿಸಿದ್ದೀರಿ. ಅದು ಪರಿಹಾರ. ಆ ಹಾಳೆಯನ್ನು ಜೋಪಾನವಾಗಿ ಇಡಿ. ಇಬ್ಬರ ನಡುವೆ ಓಡಾಡಿದ ಮೆಸೇಜುಗಳನ್ನೂ ಅಳಿಸಬೇಡಿ.

ಇನ್ನೂ ಒಂದಿದೆ, ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಟ್ಯೂಬನ್ನು ಪಟ್ಟಿಯ ಮೇಲೆ ಆಚೀಚೆ ಸರಿಸುವ ಹೋಲ್ಡರ್‌ಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಅವುಗಳ ಪೇಟೆಂಟುಗಳೂ ಇವೆ. ಒಂದು ಸಂಜೆ ಬಿಡುವು ಮಾಡಿಕೊಂಡು ಎಸ್ಪಾಸ್‌ನೆಟ್ ಅಥವಾ ಗೂಗಲ್ ಪೇಟೆಂಟ್ಸ್ ಎಂಬ ಜಾಲತಾಣದಲ್ಲಿ ಹುಡುಕಿ ನೋಡಿ, ಎರಡೂ ಬಿಟ್ಟಿ. ನಿಮ್ಮ ಅರ್ಜಿಯನ್ನು ಪರೀಕ್ಷಿಸುವ ಅಧಿಕಾರಿಯೂ ಅದನ್ನೇ ಮಾಡುತ್ತಾರೆ. "ಸರಿಸುವುದು ಹಳೆಯದು, ಆದರೆ ಈ ಹಲ್ಲಿನ ಪಟ್ಟಿ ಮತ್ತು ಸ್ಪ್ರಿಂಗ್ ಹೊಸದು" ಎಂದು ಅವರು ಹೇಳಬಹುದು. ಆಗ ಕ್ಲೇಮು ಕುಗ್ಗಿ ಕುಗ್ಗಿ ಸ್ಪ್ರಿಂಗಿನ ಮೇಲೆ ಬಂದು ನಿಲ್ಲುತ್ತದೆ. ಕ್ಲೇಮು ಬದಲಾದರೆ ಇನ್ವೆಂಟರ್ ಯಾರು ಎಂಬುದನ್ನೂ ಮತ್ತೆ ನೋಡಬೇಕು. ಎರಡು ವರ್ಷ ಓಡಾಡಿದ ಮೇಲೆ, ನಿಮ್ಮದೇ ಕ್ಲಿಪ್ಪಿನ ಪೇಟೆಂಟಿನಲ್ಲಿ ನಿಮ್ಮ ಪಾಲು ತೆಳ್ಳಗಾಗಿ, ಬರೀ ಎಂಜಿನಿಯರ್ ಹೆಸರು ಉಳಿಯುವ ಸಾಧ್ಯತೆಯೂ ಇದೆ. ಉಲ್ಟಾ ಕೂಡ ಆಗಬಹುದು. ಅಧಿಕಾರಿ ಏನು ಒಪ್ಪುತ್ತಾರೆ ಎಂದು ಇವತ್ತು ನಿಮಗೂ ಗೊತ್ತಿಲ್ಲ, ಎಂಜಿನಿಯರ್‌ಗೂ ಗೊತ್ತಿಲ್ಲ.

ಕುಲಾವಿಯ ಮಾತು ಹೇಳಿದ್ದು ಇದಕ್ಕೇ. ಯಾರ ಕ್ಲೇಮು ಗೆಲ್ಲುತ್ತದೆ ಎಂದು ಗೊತ್ತಿಲ್ಲದಿರುವಾಗ ಮಾಡಿಕೊಂಡ ಹಂಚಿಕೆಯೇ ನ್ಯಾಯದ ಹಂಚಿಕೆ. ಇನ್ವೆಂಟರ್ ಹೆಸರನ್ನು ನಿಮ್ಮ ಇಷ್ಟದಂತೆ ಬರೆಯಲಾಗದು, ಅದು ನಡೆದದ್ದನ್ನು ನೋಡಿ ಬರೆಯುವುದು. ಆದರೆ ಮಾಲೀಕತ್ವ ಮತ್ತು ಹಣವನ್ನು ನೀವು ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. "ಯಾವ ಕ್ಲೇಮು ಉಳಿದರೂ ಬಂದದ್ದು ನಮ್ಮಿಬ್ಬರಿಗೆ ಇಷ್ಟಿಷ್ಟು" ಎಂದು ಈಗಲೇ ಬರೆದು ಸಹಿ ಹಾಕಿ. ಜೊತೆಗೆ, ಹಕ್ಕನ್ನು ಇಬ್ಬರ ಕೈಯಲ್ಲೂ ಬಿಡದೆ ಒಂದು ಕೈಗೆ ಕೊಡಿ. ಅದು ಆಸ್ಪತ್ರೆ ಇರಬಹುದು, ನೀವಿಬ್ಬರೂ ತೆರೆಯುವ ಪುಟ್ಟ ಕಂಪನಿ ಇರಬಹುದು. ಜಂಟಿ ಮಾಲೀಕತ್ವ ಕೇಳಲು ಚೆಂದ, ನಡೆಸಲು ಕಷ್ಟ. ಅಮೆರಿಕದಲ್ಲಿ ಒಬ್ಬ ಜಂಟಿ ಮಾಲೀಕ ಇನ್ನೊಬ್ಬರನ್ನು ಕೇಳದೆಯೇ ಯಾರಿಗಾದರೂ ಲೈಸೆನ್ಸ್ ಕೊಡಬಹುದು, ಬಂದ ಹಣದಲ್ಲಿ ಪಾಲು ಕೊಡಬೇಕೆಂದೂ ಇಲ್ಲ. ಬ್ರಿಟನ್, ಭಾರತಗಳಲ್ಲಿ ಇದಕ್ಕೆ ತದ್ವಿರುದ್ಧ. ಎಲ್ಲರೂ ಒಪ್ಪದೆ ಲೈಸೆನ್ಸ್ ಕೊಡುವಂತಿಲ್ಲ. ಒಂದು ಕಡೆ ಯಾರೂ ತಡೆಯಲಾಗದು, ಇನ್ನೊಂದು ಕಡೆ ಯಾರು ಬೇಕಾದರೂ ತಡೆಯಬಹುದು. ಎರಡನ್ನೂ ಕಂಡರೆ ಕಂಪನಿಯವರು ಹಿಂದೆ ಸರಿಯುತ್ತಾರೆ.

ಆಸ್ಪತ್ರೆ ಎಂದೆ, ಅಲ್ವಾ? ನಿಮ್ಮ ನೇಮಕದ ಕಾಗದವನ್ನು ಹುಡುಕಿ ತೆಗೆಯಿರಿ. ಕೆಲಸದಲ್ಲಿದ್ದಾಗ ಕಂಡುಹಿಡಿದದ್ದು ಸಂಸ್ಥೆಗೆ ಸೇರಿದ್ದು ಎಂಬ ಸಾಲು ಅದರಲ್ಲಿ ಇರಬಹುದು. ಎಂಜಿನಿಯರ್ ಕೂಡ ತಮ್ಮ ಕಾಗದ ನೋಡಲಿ. ಆ ತ್ರೀಡಿ ಪ್ರಿಂಟರ್ ಅವರ ಮನೆಯದೋ, ಆಫೀಸಿನದೋ? ಆಫೀಸಿನದಾದರೆ ನಾಳೆ ಇನ್ನೊಬ್ಬರು ಪಾಲು ಕೇಳಿಕೊಂಡು ಬರಬಹುದು.

ಇಂಥ ಕಾಗದಗಳಲ್ಲಿ ಒಂದು ಕ್ರಿಯಾಪದ ಕೂಡ ಲಕ್ಷಾಂತರ ಬೆಲೆಬಾಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕರು 1988ರಲ್ಲಿ ಕೆಲಸಕ್ಕೆ ಸೇರುವಾಗ ತಮ್ಮ ಆವಿಷ್ಕಾರಗಳನ್ನು ವಿಶ್ವವಿದ್ಯಾಲಯಕ್ಕೆ "ವರ್ಗಾಯಿಸಲು ಒಪ್ಪುತ್ತೇನೆ" ಎಂದು ಸಹಿ ಹಾಕಿದ್ದರು. ಆಮೇಲೆ ಎಚ್‌ಐವಿ ಪರೀಕ್ಷೆಯ ಕೆಲಸ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋಗಿಬರತೊಡಗಿದರು. ಅಲ್ಲಿ ಒಳಗೆ ಬಿಡುವ ಮುಂಚೆ ಒಂದು ಫಾರಂ ಕೊಟ್ಟರು. ಅದರಲ್ಲಿ "ಈ ಮೂಲಕ ವರ್ಗಾಯಿಸುತ್ತೇನೆ" ಎಂದಿತ್ತು. ಸಹಿ ಹಾಕಿದರು. ಮುಂದೆ ಸೀಟಸ್‌ನ ಆ ವ್ಯವಹಾರವನ್ನು ರೋಷ್ ಎಂಬ ಔಷಧ ಕಂಪನಿ ಕೊಂಡುಕೊಂಡಿತು. ಆ ಪರೀಕ್ಷೆಯ ಹಕ್ಕು ಸ್ಟ್ಯಾನ್‌ಫರ್ಡ್‌ದೋ ರೋಷ್‌ದೋ ಎಂಬ ಜಗಳ ಕೋರ್ಟಿಗೆ ಹೋಯಿತು. ಒಂದು ಮುಂದೆ ಕೊಡುವ ಮಾತು, ಇನ್ನೊಂದು ಅಲ್ಲೇ ಕೊಟ್ಟಂತೆ ಎಂದು 2009ರಲ್ಲಿ ಮೇಲ್ಮನವಿ ಕೋರ್ಟು ಓದಿತು. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸ್ಟ್ಯಾನ್‌ಫರ್ಡ್ ಸೋತಿತು. ಗೇಟಿನಲ್ಲಿ ಕೊಡುವ ಫಾರಂಗಳನ್ನು ನಾವು ಯಾರೂ ಓದುವುದಿಲ್ಲ. ನಿಮಗೆ ಮೇಲ್ ಮಾಡಿದ ಕಂಪನಿಯ ಕಚೇರಿಗೆ ಹೋಗುವ ದಿನ ಬಂದರೆ ಓದಿ.

ಇನ್ನು ಪೋಸ್ಟರ್. ಪೇಟೆಂಟಿಗೆ ಬೇಕಾದ ಮೊದಲ ಗುಣ ಹೊಸತನ. ಅರ್ಜಿ ಹಾಕುವ ಮುಂಚೆ ನೀವೇ ಜಗತ್ತಿಗೆ ತೋರಿಸಿಬಿಟ್ಟರೆ ಅದು ಹೊಸದಾಗಿ ಉಳಿಯುವುದಿಲ್ಲ. ಯುರೋಪಿನಲ್ಲಿ ಇದು ಬಹಳ ಬಿಗಿ. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ನೀವು ತೋರಿಸಿದ ಮೇಲೂ 12 ತಿಂಗಳ ಸಮಯ ಸಿಗುತ್ತದೆ. ಆ ಸಮಯವನ್ನು ನಂಬಿ ಪೋಸ್ಟರ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸಮ್ಮೇಳನಕ್ಕೆ ಕಳಿಸಿದ ಸಾರಾಂಶ ಅವರ ಜಾಲತಾಣದಲ್ಲಿ ಮುಂಚೆಯೇ ಬಂದುಬಿಟ್ಟಿರುತ್ತದೆ, ಇದನ್ನು ಮೊದಲು ನೋಡಿ. ಸಾರಾಂಶದಲ್ಲಿ ಬರೀ "ಹುಣ್ಣು ಕಡಿಮೆಯಾಯಿತು" ಎಂದಿದ್ದರೆ ತೊಂದರೆ ಕಡಿಮೆ. ಕ್ಲಿಪ್ ಹೇಗೆ ಕೆಲಸ ಮಾಡುತ್ತದೆ ಎಂದಿದ್ದರೆ ಇವತ್ತೇ ಏಜೆಂಟರಿಗೆ ಫೋನ್ ಮಾಡಿ. ವಾರ್ಡಿನಲ್ಲಿ ಕ್ಲಿಪ್ಪನ್ನು ಈಗಾಗಲೇ ಬಳಸಿದ್ದೀರಾ? ಬರುವವರು ಹೋಗುವವರೆಲ್ಲ ನೋಡುವಂತೆ ಬಳಸಿದ್ದರೆ ಅದೂ ಬಹಿರಂಗ ಎಂದೇ ಲೆಕ್ಕವಾಗಬಹುದು. (ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ರೋಗಿಯ ಮೇಲೆ ಬಳಸಿದ್ದರೆ ಅದು ಪೇಟೆಂಟಿಗಿಂತ ದೊಡ್ಡ ತಲೆನೋವು. ಅದನ್ನು ಮುಚ್ಚಿಡಬೇಡಿ.)

ದಾರಿ ಇದೆ. ಪೋಸ್ಟರಿನ ದಿನಕ್ಕೆ ಮುಂಚೆ ಪ್ರೊವಿಜನಲ್ ಅರ್ಜಿ ಹಾಕಿಬಿಡಿ. ಇದು ಪೂರ್ತಿ ಅರ್ಜಿಯಲ್ಲ, ತಾರೀಕು ಹಿಡಿದಿಟ್ಟುಕೊಳ್ಳುವ ಅರ್ಜಿ. ಖರ್ಚು ಕಡಿಮೆ. 12 ತಿಂಗಳೊಳಗೆ ಪೂರ್ತಿ ಅರ್ಜಿ ಹಾಕಬೇಕು. ಪಿಸಿಟಿ ಎಂಬ ಅಂತರರಾಷ್ಟ್ರೀಯ ದಾರಿಯಲ್ಲಿ ಹೋದರೆ ಯಾವ ಯಾವ ದೇಶಕ್ಕೆ ದುಡ್ಡು ಕಟ್ಟಬೇಕು ಎಂದು ನಿರ್ಧರಿಸಲು ಮೊದಲ ತಾರೀಕಿನಿಂದ 30 ತಿಂಗಳು ಸಿಗುತ್ತದೆ. ಒಂದು ಎಚ್ಚರ. ಪ್ರೊವಿಜನಲ್‌ನಲ್ಲಿ ಬರೆಯದೆ ಬಿಟ್ಟದ್ದಕ್ಕೆ ಆ ತಾರೀಕು ಸಿಗುವುದಿಲ್ಲ. ಆದ್ದರಿಂದ ಎರಡು ಪುಟ ಗೀಚಿ ಕಳಿಸಬೇಡಿ. ಸ್ಪ್ರಿಂಗಿನ ಬದಲು ರಬ್ಬರ್ ಇದ್ದರೆ? ಹಲ್ಲಿನ ಬದಲು ಅಯಸ್ಕಾಂತ ಇದ್ದರೆ? ಮಕ್ಕಳ ಸಣ್ಣ ಟ್ಯೂಬಿಗಾದರೆ? ನಾಳೆ ನಕಲು ಮಾಡುವವನು ಏನೇನು ಬದಲಿಸಬಹುದೋ ಅದನ್ನೆಲ್ಲ ನೀವೇ ಮೊದಲು ಬರೆದುಬಿಡಿ. ಈ ಕೆಲಸ ಎಂಜಿನಿಯರ್ ಜೊತೆ ಕೂತರೆ ಒಂದು ಮಧ್ಯಾಹ್ನದಲ್ಲಿ ಆಗುತ್ತದೆ, ಮಜವಾಗಿಯೂ ಇರುತ್ತದೆ.

ಕ್ಲೇಮು ಕ್ಲಿಪ್ಪಿನ ಮೇಲಿರಲಿ, "ಹೀಗೆ ಹೀಗೆ ರೋಗಿಯನ್ನು ನೋಡಿಕೊಳ್ಳುವ ವಿಧಾನ" ಎಂಬುದರ ಮೇಲೆ ಬೇಡ. ಚಿಕಿತ್ಸೆಯ ವಿಧಾನಗಳಿಗೆ ಯುರೋಪಿನಲ್ಲಾಗಲಿ ಭಾರತದಲ್ಲಾಗಲಿ ಪೇಟೆಂಟ್ ಇಲ್ಲ. ಅಮೆರಿಕದಲ್ಲಿ ಕೊಡುತ್ತಾರೆ, ಆದರೆ ಅಲ್ಲೂ ಒಂದು ಕಥೆಯಾಯಿತು. ಹೊಲಿಗೆ ಹಾಕದೆ ಕಣ್ಣಿನ ಪೊರೆ ತೆಗೆಯುವ ಕೊಯ್ತದ ವಿಧಾನಕ್ಕೆ ಪ್ಯಾಲಿನ್ ಎಂಬ ಡಾಕ್ಟರ್ ಪೇಟೆಂಟ್ ಪಡೆದು, 1993ರಲ್ಲಿ ಇನ್ನೊಬ್ಬ ಡಾಕ್ಟರ್ ಮೇಲೆಯೇ ಕೇಸು ಹಾಕಿದರು. ವೈದ್ಯರೆಲ್ಲ ರೊಚ್ಚಿಗೆದ್ದರು. 1996ರಲ್ಲಿ ಆ ಕ್ಲೇಮುಗಳೂ ಬಿದ್ದವು, ವೈದ್ಯರ ಮೇಲೆ ಇಂಥ ಪೇಟೆಂಟ್ ಹೇರದಂತೆ ಕಾನೂನಿಗೇ ತಿದ್ದುಪಡಿ ಬಂತು.

ಇಷ್ಟೆಲ್ಲ ಕೇಳಿ "ಸಹವಾಸವೇ ಬೇಡ, ಒಬ್ಬಳೇ ಮಾಡಿಕೊಳ್ಳುತ್ತೇನೆ" ಎನ್ನಿಸಿದರೆ ಅದು ತಪ್ಪು. ಒಬ್ಬರಿಂದ ಆದ ವೈದ್ಯಕೀಯ ಸಾಧನಗಳು ತೀರಾ ಕಡಿಮೆ. ನಿವೃತ್ತ ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ 1958ರಲ್ಲಿ ಸರ್ಜನ್ ಆಲ್ಬರ್ಟ್ ಸ್ಟಾರ್ ಬಳಿ ಬಂದು "ಕೃತಕ ಹೃದಯ ಮಾಡೋಣ" ಎಂದರು. ಸ್ಟಾರ್, ಮೊದಲು ಕವಾಟದಿಂದ ಶುರು ಮಾಡೋಣ ಎಂದರು. 1960ರಲ್ಲೇ ಅವರ ಕವಾಟ ರೋಗಿಯ ಎದೆಯಲ್ಲಿ ಕೆಲಸ ಮಾಡುತ್ತಿತ್ತು. ನನಗೆ ಇನ್ನೂ ಇಷ್ಟ ಅರ್ಜೆಂಟೀನಾದ ಹೋರ್ಹೆ ಓಡೋನ್ ಕಥೆ. ಆತ ಕಾರ್ ಮೆಕ್ಯಾನಿಕ್. ಬಾಟಲಿಯೊಳಗೆ ಬಿದ್ದ ಕಾರ್ಕನ್ನು ಪ್ಲಾಸ್ಟಿಕ್ ಚೀಲ ಊದಿ ಹೊರಗೆಳೆಯುವ ವಿಡಿಯೊ ನೋಡಿದ್ದರು. ಕಷ್ಟದ ಹೆರಿಗೆಯಲ್ಲಿ ಮಗುವನ್ನು ಹೀಗೇ ತೆಗೆಯಬಹುದಲ್ಲ ಎಂದು ಹೊಳೆಯಿತು. ಗಾಜಿನ ಜಾಡಿಯೇ ಗರ್ಭಕೋಶ, ಮಗಳ ಗೊಂಬೆಯೇ ಕೂಸು, ಹೆಂಡತಿ ಹೊಲಿದುಕೊಟ್ಟ ಬಟ್ಟೆಯ ಚೀಲ. ಪ್ರಸೂತಿ ವೈದ್ಯರು ನಂಬಿದರು, ವಿಶ್ವ ಆರೋಗ್ಯ ಸಂಸ್ಥೆಯವರು ಬೆಂಬಲಕ್ಕೆ ನಿಂತರು, 2013ರಲ್ಲಿ ಬೆಕ್ಟನ್ ಡಿಕಿನ್ಸನ್ (ಬಿ.ಡಿ.) ಎಂಬ ದೊಡ್ಡ ಕಂಪನಿ ಲೈಸೆನ್ಸ್ ತೆಗೆದುಕೊಂಡಿತು. ಮೆಕ್ಯಾನಿಕ್‌ಗೆ ಡಾಕ್ಟರ್ ಸಿಗದಿದ್ದರೆ ಅದು ಜಾಡಿಯಲ್ಲೇ ಉಳಿಯುತ್ತಿತ್ತು.

ಪೇಟೆಂಟ್ ಬಂದ ಮಾತ್ರಕ್ಕೆ ಕ್ಲಿಪ್ ಮಾರಬಹುದು ಎಂದೂ ತಿಳಿಯಬೇಡಿ. ಪೇಟೆಂಟ್ ಬೇರೆಯವರನ್ನು ತಡೆಯುವ ಹಕ್ಕು, ನಿಮಗೆ ತಯಾರಿಸಲು ಕೊಡುವ ಪರವಾನಗಿ ಅಲ್ಲ. ನಿಮ್ಮ ಕ್ಲಿಪ್ಪಿನೊಳಗೆ ಇನ್ನೊಬ್ಬರ ಪೇಟೆಂಟ್ ಇರುವ ಸರಿಯುವ ಪಟ್ಟಿ ಇದ್ದರೆ ಅವರ ಒಪ್ಪಿಗೆ ಬೇಕು. ಸಾಧನದ ಸುರಕ್ಷತೆಯ ಅನುಮತಿ ಪೂರ್ತಿ ಬೇರೆ ಕಚೇರಿಯ ಕೆಲಸ. ಸಣ್ಣ ಕ್ಲಿಪ್ಪಿಗೆ ಸ್ವಂತ ಕಾರ್ಖಾನೆ ಹಾಕುವುದಕ್ಕಿಂತ, ಈಗಾಗಲೇ ಟ್ಯೂಬ್ ಮಾರುವ ಕಂಪನಿಗೆ ಲೈಸೆನ್ಸ್ ಕೊಟ್ಟು ರಾಯಲ್ಟಿ ಪಡೆಯುವುದೇ ಒಳ್ಳೆಯದು ಎಂದು ನನ್ನ ಅನಿಸಿಕೆ.

ಅಂದರೆ ಆ ಮೇಲ್ ಬಂದಿರುವುದು ಒಳ್ಳೆಯ ಸುದ್ದಿಯೇ. ನೀವು ಗುಟ್ಟು ಕಾಯುವ ಕರಾರಿಗೆ ಸಹಿ ಕೇಳಿದರೆ ಅವರು ಹಾಕದೇ ಇರಬಹುದು. ಹೊರಗಿನವರ ಯೋಚನೆ ನೋಡುವಾಗ ದೊಡ್ಡ ಕಂಪನಿಗಳು ಹಾಗೆಯೇ. ಅವರ ಬಳಿ ಒಳಗೊಳಗೇ ಅಂಥದ್ದೇ ಕೆಲಸ ನಡೆಯುತ್ತಿದ್ದರೆ ನಾಳೆ ಕದ್ದರು ಎಂಬ ಮಾತು ಬರುತ್ತದೆ ಎಂಬ ಭಯ. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಅರ್ಜಿ ಸಲ್ಲಿಸುವವರೆಗೆ ಡ್ರಾಯಿಂಗ್ ಕಳಿಸದಿದ್ದರಾಯಿತು. ಎಂಜಿನಿಯರ್ ಜೊತೆ ಮಾತಾಡಿದ ಮೇಲೆ ಇಷ್ಟು ಬರೆಯಿರಿ, ಪ್ರತಿಯನ್ನು ಅವರಿಗೂ ಕಳಿಸಿ:

"ನಿಮ್ಮ ಆಸಕ್ತಿಗೆ ಧನ್ಯವಾದ. ವೆಂಟಿಲೇಟರ್ ಟ್ಯೂಬಿನಿಂದ ತುಟಿಗೆ ಆಗುವ ಹುಣ್ಣನ್ನು ತಪ್ಪಿಸಲು, ಒಂದೇ ಕೈಯಲ್ಲಿ ಬಳಸಬಹುದಾದ ಸಾಧನವೊಂದನ್ನು ನಾವು ಮಾಡಿದ್ದೇವೆ. ಪೇಟೆಂಟ್ ಅರ್ಜಿ ಸಲ್ಲಿಸಿದ ಮೇಲೆ ಮಾದರಿಯನ್ನೇ ತಂದು ತೋರಿಸುತ್ತೇವೆ. ಅದಕ್ಕೆ ಮುಂಚೆ ನಿಮ್ಮಲ್ಲಿ ಇಂಥದ್ದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಸಿದರೆ ಅನುಕೂಲ."